ಹುಳುಮನೆಯಲ್ಲಿ ಮಂತ್ರದ ಕೋಲು

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮವ್ವ ಒಂದು ಕತೆಪುಸ್ತಕವನ್ನು ಒಲೆಗೆ ಹಾಕಲು ಹೊರಟಿದ್ದಳು. ಪುಸ್ತಕ ನನ್ನ ತಮ್ಮನ ಮಗಳು ಸಿಂಚನಾಳದು. ಕೋಲು ಬೀಸಿದರೆ ಸಾವನದುರ್ಗದ ಬೆಟ್ಟವೂ ಎದ್ದು ಹಾರುವಂಥ ಮಾಯಾಮಂತ್ರದ ಕತೆ. ನಮ್ಮ ರೇಷ್ಮೆ ಹುಳುಮನೆಯಲ್ಲಿ ಅವಳು ಕೋಲು ಆಡಿಸುತ್ತಾ ಏನೋ ಗುನುಗುತ್ತಿದ್ದುದನ್ನು ಅವ್ವ ನೋಡಿಬಿಟ್ಟಿದ್ದಳು. ಆ ಅರಗಿನ ಬಣ್ಣದ ಕೋಲನ್ನು ಚನ್ನಪಟ್ಟಣದಲ್ಲಿ ಮಾಡಿಸಿಕೊಟ್ಟವನು ನಾನೇ. ಅದನ್ನು ಹೇಳುವ ಗಳಿಗೆ ಅದಾಗಿರಲಿಲ್ಲ.

ಅವ್ವ ನನ್ನತ್ತ ತಿರುಗಿ, “ಇದನ್ನ ಓದಿ ಮಾಟ ಕಲ್ತವ್ಳೆ ಕಣ್ಲಾ. ಹುಳ ಎಲ್ಲಾ ಸತ್ರೆ ಏನ್ಲಾ ಗತಿ?” ಎಂದಳು.

ಸಿಂಚನಾ ಹೆದರಲಿಲ್ಲ. “ಮಾಟ ನಿಜವಾ ಅಂತ ನೋಡ್ದೆ ಅಜ್ಜಿ. ಬೇಗ ಗೂಡು ಕಟ್ಲಿ ಅಂತ ಒಂದು ತಟ್ಟೆ ಹುಳಕ್ಕೆ ಮಂತ್ರ ಹಾಕ್ದೆ, ಪಕ್ಕದ ತಟ್ಟೆಗೆ ಹಾಕ್ಲಿಲ್ಲ. ಎರಡೂ ಒಂದೇ ತರ ಸೊಪ್ಪು ತಿಂತಾವೆ. ಮಂತ್ರ ಕತೇಲಿ ಮಾತ್ರ ನಡೀತದೆ.”

“ಮತ್ಯಾಕೆ ಓದ್ತೀಯೆ?”

“ಕತೆ ಚೆನ್ನಾಗೈತೆ.”

ನಮ್ಮೂರ ಶಾಲೆಯಲ್ಲಿ ನನಗೂ ವಿಜ್ಞಾನ ಕಲಿಸಿದ್ದರು, ಇಷ್ಟು ಚೊಕ್ಕವಾಗಿ ಅಲ್ಲ. ಇವಳಿನ್ನೂ ಆರನೇ ಕ್ಲಾಸು. ಬುದ್ಧಿಯೆಲ್ಲ ದೊಡ್ಡಪ್ಪನದು ಎಂದು ಊರು ಹೇಳುತ್ತದೆ. ಹೇಳದವರಿಗೆ ನಾನೇ ಹೇಳುತ್ತಿದ್ದೇನೆ.

ಅವ್ವ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡೇ ಹುಳುಮನೆಗೆ ಹೋಗಿ ಎರಡೂ ತಟ್ಟೆಗಳನ್ನು ಬಗ್ಗಿ ನೋಡಿದಳು. ಬಂದಾಗ ಮುಖ ಸಪ್ಪಗಿತ್ತು. ಪುಸ್ತಕವನ್ನು ಮೊಮ್ಮಗಳ ಕೈಗಿಟ್ಟು ಮೆಲ್ಲಗೆ, “ಸಂಜೆ ಆ ಮಂತ್ರ ಇನ್ನೊಂದ್ಸಲ ಒಸಿ ಜೋರಾಗಿ ಹೇಳ್ನೋಡೇ” ಎಂದಳು.

ಆ ಪುಸ್ತಕದಿಂದ ನಮ್ಮ ಮನೆಯಲ್ಲಿ ಮಾಟದ ಹುಚ್ಚು ಹತ್ತಿದ್ದು ಒಬ್ಬರಿಗೆ ಮಾತ್ರ. ಅವರಿಗೆ ಓದಲು ಬರುವುದಿಲ್ಲ.