ತೆರೆದ ಎಡಗಣ್ಣು

ಇಸ್ತ್ರಿ ಅಂಗಡಿಯವನು ಚರಂಡಿ ಪಕ್ಕದಿಂದ ಎತ್ತಿ ತಂದ ಬೆಕ್ಕಿನ ಮರಿಯ ಎರಡೂ ಕಣ್ಣು ಕೀವು ಕಟ್ಟಿ ಅಂಟಿಕೊಂಡಿದ್ದವು.

"ನಮ್ಮ ಪಾಡೇ ನಮಗೆ ಸಾಕಾಗಿದೆ, ಇದನ್ಯಾಕೆ ತಂದ್ರಿ?" ಎಂದು ಗೊಣಗಿದ ಹೆಂಡತಿಯೇ ದಿನಕ್ಕೆ ನಾಲ್ಕು ಸಲ ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಅದರ ಕಣ್ಣೊರೆಸಿ, ಡಾಕ್ಟರು ಕೊಟ್ಟ ಔಷಧಿಯ ಹನಿ ಹಾಕಿದಳು. ಅವನು ಆಗಷ್ಟೇ ಇಸ್ತ್ರಿ ಮಾಡಿದ ಹಳೇ ಪಂಚೆಯ ಬಿಸುಪಿನಲ್ಲಿ ಅದನ್ನು ಮಲಗಿಸುತ್ತಿದ್ದ.

ಆರನೆಯ ದಿನ ಬೆಳಿಗ್ಗೆ ಎಡಗಣ್ಣು ತೆರೆಯಿತು.

"ರೀ, ಬೇಗ ಬನ್ನಿ! ನನ್ನೇ ನೋಡ್ತಿದೆ!"

ಅವನು ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದ. ಆದರೆ ಮರಿಗೆ ಹಾಲು ಕುಡಿಯುವಷ್ಟೂ ತ್ರಾಣ ಉಳಿದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಮಡಿಲಲ್ಲೇ ತಣ್ಣಗಾಯಿತು.

ಅವನು ಬೆರಳಿನಿಂದ ಆ ಕಣ್ಣು ಮುಚ್ಚಲು ಹೋದಾಗ ಅವಳು ಕೈ ಹಿಡಿದುಕೊಂಡಳು.

"ಬೇಡ ಕಣ್ರೀ. ಎಷ್ಟು ಕಷ್ಟಪಟ್ಟು ತೆರೆಸಿದ್ದೀನಿ."

ಅವನು ಕೈ ಹಿಂದಕ್ಕೆ ತೆಗೆದು ಅವಳ ಪಕ್ಕದಲ್ಲಿ ಕುಳಿತ.