ಜೋಳ ತುಂಬಿದ ಕ್ರಿಸ್‌ಮಸ್ ಗುಂಡುಗಳು

ಇಲಿ ಬಂದರೆ ಏನು ಗತಿ ಎಂಬ ಚಿಂತೆ ಮೂರು ದಿನದಿಂದ ನನ್ನ ಬೆನ್ನು ಬಿಟ್ಟಿರಲಿಲ್ಲ. ನಮ್ಮ ಮನೆಗಲ್ಲ, ನಾನು ಓದಿದ ನಾಸಿಕದ ಕಾನ್ವೆಂಟಿಗೆ.

ಕಾರಣ, ಪಕ್ಕದ ಮನೆಯ ರೇವಣಪ್ಪನವರು. ಬೀದರ ಕಡೆಯವರು. ಹಗಲು ಇದೇ ಊರಿನ ಸಾತಪುರದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುತ್ತಾರೆ, ಸಂಜೆ ಮನೆಯಲ್ಲಿ ಮರ. ಹೆಂಡತಿ ಮಲ್ಲಮ್ಮನ ಹೊಲಿಗೆ ಮಿಷನ್ನಿನ ಕಾಲುಮಣೆ ಕಿತ್ತು ತಾವೇ ಕಟ್ಟಿಕೊಂಡ ಲೇತು, ಮರವನ್ನು ತಿರುಗಿಸಿ ಕಡೆಯುವ ಯಂತ್ರ, ಅವರದು. ಅಂದಿನಿಂದ ಮಲ್ಲಮ್ಮ ಕುಪ್ಪಸವನ್ನು ಕೈಯಲ್ಲೇ ಹೊಲಿಯುತ್ತಾರೆ, ಹೊಲಿಗೆಗೊಂದು ಬೈಗುಳ. ರೇವಣಪ್ಪನವರು ಕಡೆದ ಗಿಲಕಿ ಹಿಡಿಯದ ಕೂಸು ನಮ್ಮ ಚಾಳಿನ ಸಾಲುಮನೆಗಳಲ್ಲಿಲ್ಲ.

ಈ ಸಲ, ೧೯೬೮ರಲ್ಲಿ, ಆ ಕಾನ್ವೆಂಟಿನ ಸಿಸ್ಟರ್ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ಅರವತ್ತು ಮರದ ಗುಂಡು ಬೇಕೆಂದಾಗ ರೇವಣಪ್ಪನವರ ಹೆಸರು ಹೇಳಿದವಳು ನಾನೇ. ಹಿಡಿಸಿದರೆ ವರ್ಷವರ್ಷವೂ ಕೆಲಸ ಅವರಿಗೇ ಎಂದಿದ್ದರು ಸಿಸ್ಟರ್. ರೇವಣಪ್ಪನವರು ರಜೆ ಹಾಕಿ ಕೂತು, ಒಳಗೆ ಟೊಳ್ಳಾದ ಗುಂಡು ಕಡೆದರು. ಲೇತಿನಲ್ಲಿ ತಿರುಗುವ ಗುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಕೆಂಪು, ಹಸಿರು ಬಣ್ಣ ಹಿಡಿಸಿದರು. ಹುಲ್ಲಿನಲ್ಲಿ ಸುತ್ತಿ ಕಳಿಸಿಯೂ ಆಯಿತು.

ಆಮೇಲೆ ಅಂದರು: "ಒಂದೊಂದರಾಗ ಏಳೇಳು ಜೋಳದ ಕಾಳು ಹಾಕೀನ್ರಿ ಅಕ್ಕಾರ."

"ಅಯ್ಯೋ, ಯಾಕೆ?"

"ಹಬ್ಬದ ಸಾಮಾನು ಖಾಲಿ ಹೊಟ್ಟೀಲೆ ಕಳಿಸ್ತಾರೇನ್ರಿ? ನಿಮ್ಮ ಡಬ್ಬಿ ಹೊಳ್ಳಿ ಕೊಡುಮುಂದ ನಮ್ಮಾಕಿ ಎರಡು ಕಾಳು ಸಕ್ರಿಯಾದ್ರೂ ಹಾಕ್ತಾಳಿಲ್ಲೋ."

ಒಳಗಿನಿಂದ ಮಲ್ಲಮ್ಮ, "ನನ್ನ ಮಿಷನ್ ಮಾತ್ರ ಖಾಲಿ ಕೈಲೆ ಒಯ್ದ್ರು ನೋಡ್ರಿ," ಎಂದರು.

ಜೋಳಕ್ಕೆ ಇಲಿ ಬರುತ್ತದೆ, ಇಲಿ ಗುಂಡು ಕಡಿಯುತ್ತದೆ, ಸಿಸ್ಟರಿಗೆ ಸಿಟ್ಟು ಬರುತ್ತದೆ, ರೇವಣಪ್ಪನವರ ಕೆಲಸ ಹೋಗುತ್ತದೆ. ಕೊನೆಗೆ ಮಗುವನ್ನು ಸೊಂಟಕ್ಕೇರಿಸಿ ನಮ್ಮ ಯಜಮಾನರ ಹೋಟೆಲಿಗೆ ಹೋದೆ. ಫೋನಿದ್ದದ್ದು ಅಲ್ಲೇ.

"ಮೊಳಕೆ ಬಂದ್ರೆ ಮರಕ್ಕೆ ಇನ್ನೂ ಚಂದ ಅಲ್ವಾ ಮಾರಾಯ್ತಿ," ಎಂದರು ಗಲ್ಲಾದಲ್ಲಿದ್ದ ನಮ್ಮವರು.

ಮೂರು ಸಲ ಫೋನೆತ್ತಿ ಇಟ್ಟೆ. ನಾಲ್ಕನೆಯ ಸಲ ನಂಬರು ತಿರುಗಿಸಿದೆ.

"ಸಿಸ್ಟರ್, ಗುಂಡುಗಳ ಒಳಗೆ ಜೋಳ ಇದೆ. ಇಲಿ ಬಂದರೆ ನನ್ನನ್ನು ಬೈಯಿರಿ, ರೇವಣಪ್ಪನವರ ಕೆಲಸ ತಪ್ಪಿಸಬೇಡಿ."

"ಜೋಳವಾ!" ಮಂಗಳೂರು ಕಡೆಯವರಾದ ಸಿಸ್ಟರ್ ನಕ್ಕರು. "ಮಕ್ಕಳು ಒಂದನ್ನೂ ಕಟ್ಟಲಿಕ್ಕೆ ಬಿಡ್ತಾ ಇಲ್ಲ. ಅರವತ್ತನ್ನೂ ಗಲಗಲ ಅಲ್ಲಾಡಿಸಿಕೊಂಡು ಹಾಡ್ತಿದ್ದಾರೆ, ಮರ ಬೋಳು ನಿಂತಿದೆ. ಇನ್ನೂ ಅರವತ್ತು ಮಾಡಿಸು. ಸದ್ದಿಲ್ಲದ್ದು, ಖಾಲಿ."

"ಖಾಲಿಗೆ ಅವರು ಒಪ್ಪುವುದಿಲ್ಲ ಸಿಸ್ಟರ್," ಎಂದೆ. "ಹತ್ತಿ ತುಂಬಿದರೆ ನಡೆದೀತೇ?"