ಗೆರೆಯಿಲ್ಲದ ಹೆಬ್ಬೆರಳು

ಅಕ್ಕನ ಬಲಗೈ ಹೆಬ್ಬೆರಳಲ್ಲಿ ಹುಡುಕಿದರೂ ಒಂದು ಗೆರೆ ಸಿಗುತ್ತಿರಲಿಲ್ಲ. ಗಂಗೊಳ್ಳಿಯಲ್ಲಿ ಇಪ್ಪತ್ತು ವರ್ಷ ಮೀನು ಕೊಯ್ದು, ಮಂಜುಗಡ್ಡೆಯಲ್ಲಿ ಕೈಯಾಡಿಸಿ ಅದು ಸವೆದು ನುಣ್ಣಗಾಗಿತ್ತು. ಹೆಮ್ಮಾಡಿಯ ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರ ಅವರನ್ನು ಒಂದು ದಿನವೂ ಗುರುತಿಸಲಿಲ್ಲ. ಅವರೊಬ್ಬರಿಗೆ ಮಾತ್ರ ಪುಸ್ತಕದಲ್ಲಿ ಸಹಿ. "ನಾ ಬಂದದ್ ಅದ್ಕ್ ಗೊತ್ತಾಯ್ದಿರೆ ಅದ್ರ್ ಕರ್ಮ" ಎನ್ನುತ್ತಿದ್ದರು.

ನಮಗೆಲ್ಲ ಅವರು ಅಕ್ಕ. ಹೊರದೇಶಕ್ಕೆ ಹೋಗುವ ತಟ್ಟೆಗಳಿಗೆ ಅಚ್ಚಿನ ಚಿತ್ರ ಕೂರಿಸುವುದು ನಮ್ಮ ಕೆಲಸ. ಕಾಗದ ನೆನೆಸಿ, ಚಿತ್ರವನ್ನು ತಟ್ಟೆಗೆ ಜಾರಿಸಿ, ಅಡಿಯಲ್ಲಿ ಉಳಿದ ಗಾಳಿಯನ್ನು ಒತ್ತಿ ತೆಗೆಯಬೇಕು. ಇಲ್ಲವಾದರೆ ಭಟ್ಟಿಯಲ್ಲಿ ಚಿತ್ರಕ್ಕೆ ತೂತು ಬೀಳುತ್ತದೆ. ಅಕ್ಕ ಬಂಗುಡೆ ತಾಜಾ ಹೌದೋ ಅಲ್ಲವೋ ಎಂದು ನೋಡುವಂತೆ ಒತ್ತಿ ಒತ್ತಿ ನೋಡುತ್ತಿದ್ದರು. ತಟ್ಟೆಯ ಹಿಂದೆ, ಯಾರೂ ನೋಡದ ಜಾಗದಲ್ಲಿ ಹಾಕುವ 'ಭಾರತದಲ್ಲಿ ತಯಾರಾದದ್ದು' ಎಂಬ ಮುದ್ರೆ ಓರೆಯಾದರೂ ಬಿಡುತ್ತಿರಲಿಲ್ಲ. "ಊಟ ಆದ್ಮೇಲೆ ತೊಳುಕೆ ತಿರ್ಗ್ಸ್ತ್ರಲೆ ಹೆಣೆ, ಆಗ ಕಾಣ್ತ್ರ್" ಎನ್ನುತ್ತಿದ್ದರು.

ನಾನು ಸೇರಿದ ಮೊದಲ ತಿಂಗಳು ಭಾರತದ ನಕ್ಷೆಯ ತಟ್ಟೆಗಳ ದೊಡ್ಡ ಬೇಡಿಕೆ ಬಂದಿತ್ತು. ನನ್ನ ಗಂಡ ದೋಣಿಯಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದರು. ನನಗೆ ಆ ಕೆಲಸ ಬೇಕೇ ಬೇಕಿತ್ತು. ಅಂಚಿಗೆ ಬಳಿಯುವ ನೀಲಿ ಬಣ್ಣ ಹೆಬ್ಬೆರಳಿಗೆ ತಾಗಿದ್ದು ಗಮನಿಸದೆ ಒಂದು ಸಾಲು ತಟ್ಟೆ ಮುಟ್ಟಿಬಿಟ್ಟೆ. ಭಟ್ಟಿಯಿಂದ ಹೊರಬಂದಾಗ ಕನ್ಯಾಕುಮಾರಿಯ ಕೆಳಗೆ ನನ್ನ ಹೆಬ್ಬೆಟ್ಟು ಸುಳಿಸುಳಿಯಾಗಿ ಕೂತಿತ್ತು.

ಮಾಲೀಕರು ಒಂದು ತಟ್ಟೆ ಎತ್ತಿ ಹಿಡಿದರು. "ಇದ್ ಯಾರ್ ಕೆಲ್ಸ? ಲಂಕೆಗೂ ನಾವೇ ಅಚ್ಚ್ ಹಾಕುದಾ? ಅವ್ರ್ ನಾಳೆಯಿಂದ ಬಪ್ದ್ ಬೇಡ."

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಅಷ್ಟರಲ್ಲಿ ಅಕ್ಕ ಕೈ ಒರೆಸಿಕೊಳ್ಳುತ್ತ, "ನಂದೇ ಹ್ವಾಯ್" ಎಂದರು.

ಮಾಲೀಕರು ತಟ್ಟೆಯನ್ನು ನೋಡಿದರು. ಅಕ್ಕನ ಹೆಬ್ಬೆರಳನ್ನು ನೋಡಿದರು. ಹಾಜರಿ ಪುಸ್ತಕ ಅವರ ಮೇಜಿನ ಮೇಲೇ ಇತ್ತು. ಅಕ್ಕ ಮಾತ್ರ ಕಣ್ಣು ಮಿಟುಕಿಸದೆ ನಿಂತಿದ್ದರು. ಕೊನೆಗೆ ಮಾಲೀಕರಿಗೇ ನಗು ತಡೆಯಲಾಗಲಿಲ್ಲ. "ಆಯ್ತ್, ಇನ್ನ್ ಕೈ ತೊಳ್ಕಂಡ್ ಮುಟ್ಟಿ" ಎಂದು ನನ್ನ ಮುಖ ನೋಡಿ ಹೇಳಿ ಹೋದರು.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಅಂದಿನ ಒಂದು ತಟ್ಟೆ ನಮ್ಮ ಮನೆಯ ಗೋಡೆಯ ಮೇಲಿದೆ. ಅವರ ಜಾಗದಲ್ಲಿ ಈಗ ನಾನು. ಹೋದ ವಾರ ಹೊಸದಾಗಿ ಸೇರಿದ ಕೆರಾಡಿಯ ಹೆಂಗಸೊಬ್ಬಳು ಇದೇ ತಪ್ಪು ಮಾಡಿ ತಲೆ ತಗ್ಗಿಸಿ ನಿಂತಿದ್ದಳು. ಯಾರದು ಎಂದು ಮಾಲೀಕರು ಕೇಳಿದರು. "ನಂದೇ" ಎಂದೆ.

ನನ್ನ ಹೆಬ್ಬೆರಳಲ್ಲಿ ಗೆರೆಗಳಿವೆಯಲ್ಲ, ನಂಬಿಯೇಬಿಟ್ಟರು. ಅರ್ಧ ಗಂಟೆ ಬೈಸಿಕೊಂಡೆ. ಅಷ್ಟು ಸಂತೋಷದಿಂದ ನಾನು ಬೈಸಿಕೊಂಡದ್ದೇ ಇಲ್ಲ.